ಎರಡು ಇಂಚಿನ ಉಸಿರು

"ಹಾಡಿ!"

"ಇಲ್ಲೇನಾ?"

"ಮತ್ತಿನ್ನೆಲ್ಲಿ? ನಿಮ್ಮನ್ನ ಮೇಯರ್ ಮನೆಗೆ ಕರ್ಕೊಂಡು ಹೋಗ್ಲಾ? ಇಲ್ಲೇ ಹಾಡಿ. ನಿಮ್ಮ ಅತೀ ಕೆಳಗಿನ ಸ್ವರ. ಉಸಿರು ಪೂರ್ತಿ ತುಂಬ್ಕೊಂಡು!"

ವರ್ಲೀನ್ ಗ್ಯಾಸ್ಕಿನ್ಸಳ ಎರಡೂ ಕೈಗಳು ಆ ಗುರುತಿಲ್ಲದ ಗಂಡಸಿನ ಎದೆಯನ್ನು ಬಳಸಿದ್ದವು. ಕೈಯಲ್ಲಿ ಅಳತೆ ಟೇಪು, ತುಟಿಯ ಮೂಲೆಯಲ್ಲಿ ಎರಡು ಗುಂಡುಸೂಜಿ. ಅವನು ಎಷ್ಟು ಎತ್ತರವೆಂದರೆ, ಅವಳು ಈಜ್ರಾ ಮಾವನ ಹೊಲಿಗೆ ಅಂಗಡಿಯ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತಿದ್ದಳು.

ಗೋಡೆಗೆ ಒರಗಿ ನಿಂತಿದ್ದ ಉಳಿದ ನಾಲ್ವರು ಕಿಸಿಕಿಸಿ ನಗುತ್ತಿದ್ದರು. ಅವನೂ ಸೇರಿದರೆ ಅವರ ಹಾಡಿನ ತಂಡ ಲಾರ್ಚ್‌ವುಡ್ಸ್. ಪಶ್ಚಿಮ ಫಿಲಡೆಲ್ಫಿಯಾದ ಒಂದು ಬೀದಿಯ ಮೆಟ್ಟಿಲುಗಳ ಮೇಲೆ ಕೂತು ಹಾಡಿ ಹಾಡಿಯೇ ದೊಡ್ಡವರಾದ ಐವರು. ಹಿಂದಿನ ಶನಿವಾರ ವೇದಿಕೆಯ ಮೇಲೆ ಬಹಳ ದುಃಖದ ಹಾಡೊಂದು ನಡೆಯುತ್ತಿದ್ದಾಗ ಈ ಎತ್ತರದ ಮಹಾಶಯನ ಕೋಟು ಬೆನ್ನ ಮೇಲೆ ಪರ್ ಎಂದು ಹರಿದು, ಅಳಬೇಕಿದ್ದ ಸಭೆ ಬಿದ್ದು ಬಿದ್ದು ನಕ್ಕಿತ್ತು.

"ಹಾಡೋ ಥ್ಯಾಡ್, ನಾಚ್ಕೋಬೇಡ," ಎಂದ ಗುಂಪಿನ ಮುಖ್ಯ ಗಾಯಕ ರೋಸ್ಕೋ. "ಮಿಸ್ ವರ್ಲೀನ್, ಇವನು ನಮ್ಮ ಕೆಳದನಿ. ದಿನಕ್ಕೆ ನಾಲ್ಕು ಮಾತಾಡ್ತಾನೆ. ಇವತ್ತಿಂದು ಆಗ್ಲೇ ಒಂದು ಖರ್ಚಾಯ್ತು."

ಥ್ಯಾಡಿಯಸ್ ಮಾಬ್ಲಿ ಕಣ್ಣು ಮುಚ್ಚಿದ. ಉಸಿರೆಳೆದ. ಹಾಡಿದ.

ಅಯ್ಯೋ ದೇವರೇ...!

ಆ ಸ್ವರ ಅವಳಿಗೆ ಕಿವಿಯಲ್ಲಿ ಕೇಳಿಸಲಿಲ್ಲ, ಅಂಗೈಯಲ್ಲಿ ಕೇಳಿಸಿತು. ಅಲ್ಲಿಂದ ಮೊಣಕೈಗೆ ಹತ್ತಿತು. ಮೇಜಿನ ಮೇಲಿದ್ದ ಗುಂಡಿ ಡಬ್ಬಿಯೊಳಗೆ ಗುಂಡಿಗಳು ಗಲಗಲ ಎಂದವು. ಟೇಪು ಅವಳ ಬೆರಳಿನ ನಡುವೆ ತಾನಾಗಿ ಜಾರಿತು.

'ಉಸಿರಾಡು ವರ್ಲೀನ್... ಹಾಡ್ತಿರೋದು ಅವನು, ಉಸಿರು ನಿಂತಿರೋದು ನಿಂದು!' ಎಂದು ತನಗೆ ತಾನೇ ಬೈದುಕೊಂಡಳು.

"ಸುಮ್ಮನಿದ್ದಾಗ ನಲವತ್ತೆರಡು," ಎಂದಳು, ದನಿ ನಡುಗದಂತೆ. "ಹಾಡುವಾಗ ನಲವತ್ತನಾಲ್ಕು. ಎರಡು ಇಂಚು! ಹೋದ ಸಲ ಹೊಲಿದೋನು ನಿಮ್ಮನ್ನ ಸುಮ್ನೆ ನಿಲ್ಸಿ ಅಳತೆ ತಗೊಂಡಿದ್ದಾನೆ. ಕುರ್ಚಿಗೆ ಹೊದಿಕೆ ಹೊಲಿಯೋ ಹಾಗೆ!"

ಹರಿದ ಕೋಟನ್ನು ಎಳೆದುಕೊಂಡು ಒಳಗು ಹೊರಗು ಮಾಡಿದಳು. ಒಳಗಿನ ಹೊಲಿಗೆಯನ್ನು ಅವನ ಮೂಗಿನ ಕೆಳಗೆ ಹಿಡಿದಳು. "ನೋಡಿ. ಮೇಲೆ ಮಿರಿಮಿರಿ ಮಿಂಚುತ್ತೆ, ಒಳಗೆ ಬರೀ ತೇಪೆ. ಬಟ್ಟೆ ನಿಜ ಹೇಳೋದು ಒಳಗಡೆ. ಯಾವುದನ್ನೇ ಆಗ್ಲಿ, ಮಗುಚಿ ನೋಡದೆ ನಂಬಬಾರ್ದು."

"ನೆನಪಿಟ್ಕೋತೀನಿ," ಎಂದ ಅವನು.

ಅದು ಆ ದಿನದ ಅವನ ಎರಡನೇ ಮಾತು. ನಿಜಕ್ಕೂ ನೆನಪಿಟ್ಟುಕೊಂಡ. ಹೇಳಿದವಳೇ ಮರೆತಳು, ಅದೇ ಈ ಕಥೆ.

* * *

ನೇರಳೆ ಬಣ್ಣದ ಐದು ವೆಲ್ವೆಟ್ ಕೋಟುಗಳು ತಯಾರಾದವು. ನೋಡಲು ಐದೂ ಒಂದೇ. ಆದರೆ ಐದನೆಯದರ ಎಡಗಂಕುಳ ಕೆಳಗೆ, ಯಾರಿಗೂ ಕಾಣದ ಹಾಗೆ ಮಡಿಕೆ ಹಾಕಿ ವರ್ಲೀನ್ ಎರಡು ಇಂಚು ಬಟ್ಟೆ ಉಳಿಸಿದ್ದಳು. ಅವನು ಉಸಿರು ತುಂಬಿಕೊಂಡಾಗ ಅದು ತೆರೆದುಕೊಳ್ಳುತ್ತಿತ್ತು, ಬಿಟ್ಟಾಗ ಮುಚ್ಚಿಕೊಳ್ಳುತ್ತಿತ್ತು.

ಹಾಡು ಅವನ ಸಂಜೆಯ ಕೆಲಸ. ಹಗಲು ಅವನು ಬೀದಿಯ ಹಳಿಗಳ ಮೇಲೆ ಸಾಗುವ ಟ್ರಾಲಿ ಬಂಡಿ ಓಡಿಸುತ್ತಿದ್ದ. ಅವನು ನಿಲ್ದಾಣಗಳ ಹೆಸರು ಕೂಗಿದರೆ ಮುದುಕಿಯರು ಇಳಿಯುವುದನ್ನೇ ಮರೆಯುತ್ತಿದ್ದರು. ವರ್ಲೀನ್ ಮೂರು ಬೀದಿ ನಡೆದರೆ ಮನೆ ಸಿಗುತ್ತಿದ್ದರೂ ಟ್ರಾಲಿ ಹತ್ತತೊಡಗಿದಳು.

"ಏನೇ ಇದು, ಕಾಲು ನೋವಾ?" ಎಂದು ಈಜ್ರಾ ಮಾವ ಕನ್ನಡಕದ ಮೇಲಿಂದ ನೋಡಿ ಕೇಳಿದ.

"ಹ್ಞೂಂ ಮಾವ. ತುಂಬಾ ನೋವು."

"ನೋವು ಕಾಲಲ್ಲೇ ಇದ್ರೆ ಸರಿ," ಎಂದು ಅವನು ಮತ್ತೆ ಇಸ್ತ್ರಿಗೆ ಬಗ್ಗಿದ.

ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ, ಎರಡು ಗಂಟೆಗೆ, ಟ್ರಾಲಿಯ ಕೊನೇ ನಿಲ್ದಾಣದ ಹಸಿರು ಬೆಂಚಿನ ಮೇಲೆ ಅವರಿಬ್ಬರೂ ಕೂರುತ್ತಿದ್ದರು. ಅವಳು ಗೆಣಸಿನ ಹೂರಣ ತುಂಬಿದ ಪೈ ತರುತ್ತಿದ್ದಳು, ಅವನು ಸಾಸಿವೆ ಗೊಜ್ಜು ಸವರಿದ, ಗಂಟು ಹಾಕಿದ ಬ್ರೆಡ್ಡಿನಂಥ ಬಿಸಿ ಪ್ರೆಟ್ಜೆಲ್. ಅವಳು ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ಎದುರಿನವರು ಇಷ್ಟು ಚೆನ್ನಾಗಿ ಕೇಳಿಸಿಕೊಂಡರೆ ಅದೂ ಮಾತಾಡಿದ ಹಾಗೇ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

'ಪ್ರೀತಿ ಅಂತ ಬಾಯಿಬಿಟ್ಟು ಹೇಳಿಲ್ಲ. ಹೇಳ್ತಾನೆ... ಇವನದು ಎಲ್ಲವೂ ನಿಧಾನ.'

ಅಷ್ಟರಲ್ಲಿ ಶಿಕಾಗೋದಿಂದ ಕಾಗದ ಬಂತು.

ಅಲ್ಲಿನ ಕಾರ್ಡೋವಾ ಥಿಯೇಟರಿನ ಉಡುಪು ವಿಭಾಗದಲ್ಲಿ ಕೆಲಸ. ದೊಡ್ಡ ದೊಡ್ಡ ಗಾಯಕರ ಉಡುಪು ಹೊಲಿಯುವುದು, ತಾನೇ ವಿನ್ಯಾಸ ಮಾಡುವುದು. ಅವಳು ಹತ್ತು ವರ್ಷದಿಂದ ಕಂಡ ಕನಸು ಅದು. ಆ ಭಾನುವಾರ ಕಾಗದವನ್ನು ಬೆಂಚಿನ ಮೇಲೆ ಅವನ ಕೈಗಿತ್ತಳು.

ಅವನು ಎರಡು ಸಲ ಓದಿದ. ಮಡಿಚಿ ವಾಪಸು ಕೊಟ್ಟ.

"ಹೋಗು," ಎಂದ.

"ಅಷ್ಟೇನಾ?"

"ಒಳ್ಳೇ ಕೆಲಸ. ಹೋಗು ವರ್ಲೀನ್."

"ನಿಂಗೇನೂ ಅನ್ಸಲ್ವಾ, ಥ್ಯಾಡ್?"

ಅವನು ತುಟಿ ತೆರೆದ. ಮುಚ್ಚಿದ. "ರೈಲು ಯಾವತ್ತು?" ಎಂದು ಕೇಳಿದ.

ಅವಳು ಕಾಗದವನ್ನು ಚೀಲಕ್ಕೆ ತುರುಕಿದಳು. 'ಒಂದೇ ಒಂದು ಸಲ... ಹೋಗಬೇಡ ಅನ್ನು. ಆಮೇಲೆ ನಾನು ಹೋಗ್ತೀನೋ ಬಿಡ್ತೀನೋ, ನಂಗೆ ಬಿಡು. ನೀನೊಂದು ಸಲ ಅನ್ನು!'

ಅವನು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ, ನಿಮಗೆ ಹೇಳುತ್ತೇನೆ. ಅವನ ತಾಯಿಗೆ ಹರೆಯದಲ್ಲಿ ಬಾಲ್ಟಿಮೋರಿನಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. ಥ್ಯಾಡ್‌ನ ಅಪ್ಪ ಹೋಗಬೇಡ ಅಂದ. ಆಕೆ ಹೋಗಲಿಲ್ಲ. ಇಡೀ ಜೀವಮಾನ ಬೇರೆ ನರ್ಸುಗಳ ಬಿಳಿ ಉಡುಪಿಗೆ ಇಸ್ತ್ರಿ ಹಾಕಿದಳು, ರಾತ್ರಿ ಊಟದ ಜೊತೆಗೆ ದಿನವೂ ಅದೊಂದು ಮಾತನ್ನು ಬಡಿಸಿದಳು: "ಅವತ್ತು ನೀವು ಬೇಡ ಅನ್ನದೇ ಇದ್ದಿದ್ರೆ..." ಅದನ್ನು ಉಂಡು ಬೆಳೆದ ಮಗ, ತಾನು ಪ್ರೀತಿಸಿದವಳಿಗೆ ಆ ಪದವನ್ನು ಎಂದೂ ಹೇಳುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದ.

ಆಣೆ ಸರಿ. ಆದರೆ ಮಹರಾಯ, ಕಾರಣವನ್ನಾದರೂ ಹೇಳಬೇಡವೇ! ಅವಳಾದರೂ ಕೇಳಬಹುದಿತ್ತು. ಇಬ್ಬರೂ ಬಾಯಿಗೆ ಬೀಗ ಹಾಕಿ ಕೂತರು. ಅವಳ ರೈಲು ಹೊರಟಿತು.

* * *

ಆಮೇಲೆ ಟ್ರಾಲಿ ಓಡಿಸುತ್ತಾ ಓಡಿಸುತ್ತಾ ಥ್ಯಾಡ್ ಒಂದು ಹಾಡು ಗುನುಗತೊಡಗಿದ. ಚಳಿಗಾಲ ಕಳೆಯುವ ಹೊತ್ತಿಗೆ ಅದಕ್ಕೆ ಮಾತು ಕೂಡಿಬಂದಿತ್ತು. ಹೆಸರು, 'ಹೋಗು ಅಂದೆ'. ಮೊದಲ ಅರ್ಧ ರೋಸ್ಕೋನ ಎತ್ತರದ ದನಿಯಲ್ಲಿ ಬೀಳ್ಕೊಡುಗೆ. ನಂತರ ನಾಲ್ವರೂ ದನಿ ಇಳಿಸುತ್ತಾರೆ, ಒಬ್ಬ ಮುಂದೆ ಬಂದು ಹಾಡದೆ ಬರೀ ಮಾತಾಡುತ್ತಾನೆ. ಆ ಕಾಲದ ಹಾಡುಗಳಲ್ಲಿ ಅದೊಂದು ಪದ್ಧತಿ.

"ಮಾತು ನೀನು ಹೇಳು ರೋಸ್ಕೋ," ಎಂದ ಥ್ಯಾಡ್. "ನಂಗಾಗಲ್ಲ."

"ನಾನು ಹೇಳಿದ್ರೆ ಇಡೀ ಊರು ನಂಬುತ್ತೆ," ಎಂದ ರೋಸ್ಕೋ, ಯಾವತ್ತಿನ ಜಂಬದಲ್ಲೇ. "ಆದ್ರೆ ಆ ಹುಡುಗಿ ನಂಬಲ್ಲ ಕಣೋ. ಮೈಕಿನ ಮುಂದೆ ನಿಲ್ಲು. ಕಣ್ಣು ಮುಚ್ಚು. ಅವಳು ಟೇಪು ಹಿಡ್ಕೊಂಡಿದ್ದಾಳೆ ಅಂದ್ಕೋ."

ಹಾಡು ಸುಮಾರು ಆರು ನಿಮಿಷವಾಯಿತು. ರೇಡಿಯೋದವರು ಮೂರು ನಿಮಿಷಕ್ಕಿಂತ ಹೆಚ್ಚು ಹಾಕುವುದಿಲ್ಲ. ಹಾಗಾಗಿ ಚಿಕ್ಕ ರೆಕಾರ್ಡಿನ ಒಂದು ಮಗ್ಗುಲಿಗೆ ಮೊದಲ ಭಾಗ, ಇನ್ನೊಂದು ಮಗ್ಗುಲಿಗೆ ಎರಡನೇ ಭಾಗ. ಹೋಗು ಅಂದದ್ದು ಈ ಕಡೆ, ಥ್ಯಾಡ್ ಬಾಯಿಬಿಟ್ಟದ್ದು ಆ ಕಡೆ!

ಥ್ಯಾಡ್‌ಗೆ ಒಂದಿಷ್ಟೂ ಚಿಂತೆಯಾಗಲಿಲ್ಲ. 'ಯಾವುದನ್ನೇ ಆಗಲಿ ಮಗುಚಿ ನೋಡೋಳು ಅವಳು,' ಎಂದುಕೊಂಡ. ಮೊಟ್ಟಮೊದಲ ಪ್ರತಿಯನ್ನು ಕಂದು ಕಾಗದದಲ್ಲಿ ಸುತ್ತಿ ಶಿಕಾಗೋಗೆ ಕಳಿಸಿದ.

* * *

ಶಿಕಾಗೋದಲ್ಲಿ ವರ್ಲೀನ್ ಮೊದಲ ಸಲ ಆ ಹಾಡು ಕೇಳಿದ್ದು ಮಿಸ್ ಝಿಪೋರಾಳ ಅಡುಗೆಮನೆಯಲ್ಲಿ. ಮಿಸ್ ಝಿಪೋರಾ ಕಾರ್ಡೋವಾ ಥಿಯೇಟರಿನ ಉಡುಪು ವಿಭಾಗದ ಯಜಮಾನಿ. ತನ್ನ ಮನೆಯ ಮಹಡಿಯಲ್ಲೇ ವರ್ಲೀನ್‌ಗೆ ಕೋಣೆ ಕೊಟ್ಟಿದ್ದಳು. ಒಲೆಯ ಮೇಲೆ ಕಾಲರ್ಡ್ ಸೊಪ್ಪು ಬೇಯುತ್ತಿತ್ತು, ಕಿಟಕಿಯ ಕಟ್ಟೆಯ ಮೇಲೆ ರೇಡಿಯೋ.

"ಹೋಗು ಅಂದೆ, ಹೋಗು ಅಂದೆ,
ನಿನ್ನ ರೈಲಿಗೆ ಹೊತ್ತಾಯಿತು ಅಂದೆ,
ನನ್ನ ಕಣ್ಣು ಒಣಗಿಯೇ ಇದೆ ನೋಡು,
ಹೋಗು ಅಂದೆ..."

ವರ್ಲೀನಳ ಕೈಯಿಂದ ಸೌಟು ಜಾರಿತು. ಅದು ರೋಸ್ಕೋನ ದನಿ. ಅದರ ಅಡಿಯಲ್ಲಿ, ನೆಲದ ಕೆಳಗಿನಿಂದ ಬಂದಂತೆ, ಅಂಗೈಗೆ ಗೊತ್ತಿದ್ದ ಆ ಸ್ವರ. ಹಾಡು ಸಣ್ಣದಾಗುತ್ತಾ ಆಗುತ್ತಾ 'ಹೋಗು... ಹೋಗು...' ಎಂದುಕೊಂಡೇ ಕರಗಿಹೋಯಿತು.

'ಬೆಂಚಿನ ಮೇಲೆ ಹೇಳಿದ್ದು ಸಾಲಲಿಲ್ವಾ? ಈಗ ಇಡೀ ದೇಶಕ್ಕೆ ಸಾರಬೇಕಿತ್ತಾ, ಕಣ್ಣು ಒಣಗಿದೆ ಅಂತ?!'

ಅದೇ ವಾರ ಕಂದು ಕಾಗದದ ಪೊಟ್ಟಣ ಬಂತು. ಹೊರಗಿನಿಂದಲೇ ಗುಂಡಗಿನ ಆಕಾರ ಗೊತ್ತಾಯಿತು. ಅವಮಾನದ ಒಂದು ಪ್ರತಿ ಮನೆಬಾಗಿಲಿಗೂ ಬೇರೆ! ದಾರವನ್ನೂ ಬಿಚ್ಚದೆ ಪೆಟ್ಟಿಗೆಯ ತಳಕ್ಕೆ ತಳ್ಳಿದಳು. ಆಮೇಲೆ ರೇಡಿಯೋದಲ್ಲಿ ಆ ಹಾಡಿನ ಮೊದಲ ಸದ್ದು ಬಂದರೆ ಸಾಕು, ಅವಳ ಕೈ ಗುಂಡಿಯ ಮೇಲೆ. ಟಕ್!

"ಏ ಹುಡುಗಿ! ಅದ್ಯಾಕೆ ಆರಿಸ್ದೆ?" ಎಂದು ಮಿಸ್ ಝಿಪೋರಾ ಕೂಗುತ್ತಿದ್ದಳು. "ಎಂಥಾ ಗಂಡಸು ಅವನು! ನನ್ನ ಮೂರು ಗಂಡಂದ್ರನ್ನ ಒಟ್ಟಿಗೆ ಹಿಂಡಿದ್ರೂ ಅಂಥ ಒಂದು ಮಾತು ಬರ್ತಿರ್ಲಿಲ್ಲ."

"ಹೋಗು ಅಂದೋನು ಎಂಥಾ ಗಂಡಸು, ಮಿಸ್ ಝಿಪೋರಾ?"

"ಅವಳ್ಯಾರೋ ಕಲ್ಲುಹೃದಯದೋಳು. ನನ್ನ ಕೈಗೆ ಸಿಕ್ಲಿ, ಕಿವಿ ಹಿಂಡಿ ಕಳಿಸ್ತೀನಿ!"

ವರ್ಲೀನ್ ಕಣ್ಣೊರೆಸಿಕೊಂಡು ಮಹಡಿ ಹತ್ತುತ್ತಿದ್ದಳು. ಈ ಊರಿನ ಹೆಂಗಸರಿಗೆ ಬುದ್ಧಿಯೇ ಇಲ್ಲ ಎಂದುಕೊಳ್ಳುತ್ತಿದ್ದಳು. ಊರಿನ ಎಲ್ಲ ಹೆಂಗಸರೂ ರೆಕಾರ್ಡನ್ನು ಮಗುಚಿ ಹಾಕಿದ್ದರು, ಪಾಪ. ಕೋಟು ಮಗುಚುವವಳು ಒಬ್ಬಳೇ ಮಗುಚಿರಲಿಲ್ಲ.

ಕೆಲಸದಲ್ಲಿ ಅವಳಿಗೆ ಹೆಸರು ಬಂತು. ಅವಳು ಹೊಲಿದ ಉಡುಪಿಗೆ ಸಭೆ ಚಪ್ಪಾಳೆ ತಟ್ಟಿತು. ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಬೇಕು! ಆದರೆ ಭಾನುವಾರ ಎರಡು ಗಂಟೆಗೆ ಮಾತ್ರ ಎಲ್ಲಿದ್ದರೂ ಗಡಿಯಾರದ ಕಡೆ ಕಣ್ಣು ಹೋಗುತ್ತಿತ್ತು. ಆ ಹೊತ್ತಿಗೆ ಅವಳು ಬೇಕೆಂದೇ ಕಷ್ಟದ ಹೊಲಿಗೆ ಹಿಡಿದು ಕೂರುತ್ತಿದ್ದಳು.

ಹಾಗೆ ಒಂದು ವರ್ಷ ಕಳೆಯಿತು.

* * *

"ಶನಿವಾರ ಮಧ್ಯಾಹ್ನದ ಆಟಕ್ಕೆ ಯಾರು ಬರ್ತಿದ್ದಾರೆ ಗೊತ್ತಾ?" ಎಂದು ಮಿಸ್ ಝಿಪೋರಾ ಪಟ್ಟಿ ಬೀಸುತ್ತಾ ಬಂದಳು. "ಲಾರ್ಚ್‌ವುಡ್ಸ್! ಭಾನುವಾರ ಎಷ್ಟು ಕೊಟ್ರೂ ಹಾಡಲ್ವಂತೆ, ಅದಕ್ಕೇ ಶನಿವಾರ."

ವರ್ಲೀನಳ ಬೆರಳಿಗೆ ಸೂಜಿ ಚುಚ್ಚಿತು. "ಅವತ್ತು ನಂಗೆ ರಜಾ ಬೇಕು."

"ರಜಾನಾ? ನಿನ್ನ ತಲೆ! ಐದು ಜನ, ಮೂರು ಸಲ ಬಟ್ಟೆ ಬದಲು. ನೀನು ಪಕ್ಕದ ಪರದೆ ಹಿಂದೆ ಸೂಜಿದಾರ ಹಿಡ್ಕೊಂಡು ನಿಂತಿರ್ತೀಯ, ಅಷ್ಟೇ."

ಶನಿವಾರ ಬಂತು. ವರ್ಲೀನ್ ಪರದೆಯ ಮಡಿಕೆಯೊಳಗೆ ಸೇರಿಕೊಂಡಳು. ಒಳಗಿನ ಹಾದಿಯಲ್ಲಿ ರೋಸ್ಕೋ ಮಿಸ್ ಝಿಪೋರಾಳ ಹತ್ತಿರ ಗೋಳಾಡುತ್ತಿದ್ದ.

"ನಮ್ಮ ನಾಲ್ಕು ಜನರ ಕೋಟು ಸಡಿಲ ಮಾಡ್ಬೇಕಮ್ಮಾ. ಪ್ರತಿ ಭಾನುವಾರ ಎಲ್ಲೆಲ್ಲಿಂದಲೋ ಹೆಂಗಸರು ಆ ಬೆಂಚಿಗೆ ಪೈ ಹಿಡ್ಕೊಂಡು ಬರ್ತಾರೆ, ಅವನನ್ನ ನೋಡೋಕೆ. ಅವನು ಒಂದು ಚೂರೂ ಮುಟ್ಟಲ್ಲ. ಎಲ್ಲಾ ನಮ್ಮ ಹೊಟ್ಟೆಗೆ! ಅವನ ಕೋಟು ಮಾತ್ರ ಬಿಗಿ ಮಾಡಿ. ಆದ್ರೆ ಎಡಗಡೆ ಮಡಿಕೆ ಮುಟ್ಟಬೇಡಿ. ಮುಟ್ಟಿದ್ರೆ ಹುಲಿ ಆಗ್ತಾನೆ."

'ಬೆಂಚಾ? ಯಾವ ಬೆಂಚು?' ವರ್ಲೀನ್ ಪರದೆ ಸರಿಸಿ ಕತ್ತು ಚಾಚಿದಳು. ಅಷ್ಟರಲ್ಲಿ ವಾದ್ಯ ಶುರುವಾಯಿತು.

ಐದು ನೇರಳೆ ಕೋಟುಗಳು ಬೆಳಕಿಗೆ ಬಂದವು. ಕೊನೆಯವನು ಥ್ಯಾಡ್. ಸೊರಗಿದ್ದ... ಕೋಟು ಹೆಗಲಿಂದ ಜೋತುಬಿದ್ದಿತ್ತು. ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು, ಮತ್ತೆ ನೋಡಿದಳು.

'ಹೋಗು ಅಂದೆ, ಹೋಗು ಅಂದೆ...'

ಇಲ್ಲಿ ಆರಿಸಲು ಗುಂಡಿ ಇರಲಿಲ್ಲ. ಹಲ್ಲು ಕಚ್ಚಿ ನಿಂತಳು. ಮೂರು ನಿಮಿಷ. 'ಇನ್ನೇನು ಮುಗೀತು, ಸೂಜಿ ಡಬ್ಬಿ ಎತ್ಕೊಂಡು ಒಳಗೆ ಹೋಗ್ತೀನಿ.' ಡಬ್ಬಿ ಎತ್ತಿಕೊಂಡಳು. ತಿರುಗಿದಳು.

ಹಾಡು ಮುಗಿಯಲಿಲ್ಲ!

ನಾಲ್ವರು ದನಿ ಇಳಿಸಿ ಗುನುಗುತ್ತಾ ಹಿಂದೆ ಸರಿದರು. ಸಭೆಯ ಹೆಂಗಸರು ಒಮ್ಮೆಗೇ ಎದ್ದು ನಿಂತರು. "ಹೇಳು ಥ್ಯಾಡ್!" "ಬಾ ಮುಂದೆ!" ಎಂದು ಕೂಗು. ಥ್ಯಾಡ್, ದಿನಕ್ಕೆ ನಾಲ್ಕು ಮಾತಿನ ಥ್ಯಾಡ್, ಮೈಕಿನ ಮುಂದೆ ಬಂದು ಕಣ್ಣು ಮುಚ್ಚಿದ.

"ನಂಗೆ ಮಾತು ಬರಲ್ಲ..."

"ಗೊತ್ತಪ್ಪಾ, ಗೊತ್ತು!" ಎಂದಿತು ಸಭೆ.

"ಅವತ್ತು ಒಂದೇ ಮಾತು ಹೇಳ್ದೆ. ಹೋಗು ಅಂದೆ. ಅದು ಸುಳ್ಳಲ್ಲ. ಆದ್ರೆ ಅರ್ಧ."

"ಇನ್ನರ್ಧ ಹೇಳು!"

"ನಮ್ಮಮ್ಮನ್ನ ಒಬ್ರು ತಡೆದಿದ್ರು. ಆಕೆ ಸಾಯೋವರೆಗೂ ಬಾಗಿಲ ಕಡೇನೇ ನೋಡ್ತಿದ್ಲು. ನಿನ್ನನ್ನ ಹಾಗೆ ನೋಡೋಕೆ ನಂಗಾಗಲ್ಲ. ಅದಕ್ಕೇ ಹೋಗು ಅಂದೆ. ಹೋಗಿ ಗೆಲ್ಲು. ಗೆದ್ದ ಮೇಲೆ ಒಂದೇ ಒಂದು ಮಾತು ಕಳ್ಸು, ನೀನೆಲ್ಲಿದ್ರೆ ಅಲ್ಲಿಗೆ ಬರ್ತೀನಿ. ನೀನು ಕರೀದೆ ಬಂದ್ರೆ ನಿನ್ನ ಎಳೆದ ಹಾಗಾಗುತ್ತೆ... ಅದಕ್ಕೇ ಇಲ್ಲೇ ಕಾಯ್ತೀನಿ. ನನ್ನ ಉಸಿರಿಗೆ ಅಂತ ಎರಡು ಇಂಚು ಜಾಗ ಇಟ್ಟೋಳು ನೀನು. ಆ ಜಾಗ ನಿಂದೇ. ಭಾನುವಾರ, ಎರಡು ಗಂಟೆ. ಕೊನೇ ನಿಲ್ದಾಣ. ಅದೇ ಬೆಂಚು."

ಕೊನೆಯ ಸಾಲನ್ನು ಇಡೀ ಸಭೆ ಅವನ ಜೊತೆ ಹೇಳಿತು. ಎಲ್ಲರಿಗೂ ಬಾಯಿಪಾಠ. ಆ ಎರಡು ಇಂಚು ಎಂದರೆ ಏನೆಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಸೂಜಿ ಡಬ್ಬಿಯನ್ನು ಎದೆಗೊತ್ತಿಕೊಂಡು ಪರದೆಯ ಹಿಂದೆ ನಿಂತಿದ್ದಳು.

'ಇದನ್ನ... ಇದನ್ನ ಒಂದು ವರ್ಷದಿಂದ ಹೇಳ್ತಿದ್ದಾನಾ? ಎಲ್ಲರಿಗೂ ಗೊತ್ತಿತ್ತಾ? ನಂಗೊಬ್ಬಳಿಗೆ...!'

ವೇದಿಕೆಯ ಮೇಲೆ ಥ್ಯಾಡ್ ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ರೋಸ್ಕೋ ಹುಬ್ಬು ಗಂಟಿಕ್ಕಿದ.

"ರೆಕಾರ್ಡಲ್ಲಿ ಇಲ್ಲದ ಮಾತೊಂದು ಇದೆ," ಎಂದ ಥ್ಯಾಡ್. "ರೆಕಾರ್ಡು ಬಂದ ಮೇಲೆ ನಾಳೆ ಐವತ್ತೆರಡನೇ ಭಾನುವಾರ. ಅವಳು ಬರ್ಲಿಲ್ಲ. ಅದೂ ಒಂದು ಉತ್ತರಾನೇ. ಅದನ್ನ ಕೇಳಿಸ್ಕೊಳ್ಳೋಕೆ ನಂಗೆ ಒಂದು ವರ್ಷ ಬೇಕಾಯ್ತು. ನಾಳೆ ಒಂದು ಸಲ ಹೋಗ್ತೀನಿ, ಆಮೇಲೆ ಬೆಂಚು ಬಿಟ್ಟುಕೊಡ್ತೀನಿ. ಈ ಮಾತನ್ನೂ ಇನ್ಮೇಲೆ ಹೇಳಲ್ಲ. ನೀನು ಈ ಥಿಯೇಟರಲ್ಲೇ ಇದ್ರೂ, ಕರೀದೆ ಹುಡುಕಲ್ಲ... ಚೆನ್ನಾಗಿರು."

"ಅಯ್ಯೋ, ಬೇಡ!" ಎಂದಳು ಬಾಲ್ಕನಿಯಲ್ಲಿ ಒಬ್ಬಳು.

ಪರದೆಗೂ ವೇದಿಕೆಗೂ ನಡುವೆ ಒಂದು ಬಿಳಿ ಗೆರೆ ಎಳೆದಿತ್ತು. ಉಡುಪಿನವರು ಅದನ್ನು ದಾಟಿದರೆ ಕೆಲಸ ಹೋಯಿತೆಂದೇ ಲೆಕ್ಕ. ಆ ನಿಯಮವನ್ನು ಹೊಸಬರಿಗೆ ಕಲಿಸುತ್ತಿದ್ದವಳೇ ವರ್ಲೀನ್. ಕೊರಳಲ್ಲಿ ಟೇಪು ನೇತಾಡುತ್ತಿತ್ತು, ಕೈಯಲ್ಲಿ ಸೂಜಿ ಡಬ್ಬಿ. ಗೆರೆ ಕಣ್ಣಿಗೆ ಕಾಣಿಸಲೇ ಇಲ್ಲ.

"ಥ್ಯಾಡ್!"

ಅವನು ತಿರುಗಿದ. ಸರಿಯಾಗಿ ಆಗಲೇ ಅವನ ಕೆಳಗಿನ ಸ್ವರ ಬರಬೇಕಿತ್ತು. ಬರಲಿಲ್ಲ! ಹನ್ನೊಂದು ವರ್ಷದಲ್ಲಿ ಮೊದಲ ಸಲ ತಪ್ಪಿತು. ನಾಲ್ವರ ದನಿ ಅಡಿಪಾಯವಿಲ್ಲದ ಮನೆಯ ಹಾಗೆ ಗಾಳಿಯಲ್ಲಿ ನಿಂತಿತು. ರೋಸ್ಕೋ ಅವಳನ್ನು ನೋಡಿದ, ಗುರುತು ಹಿಡಿದ. "ನಿಲ್ಲಿಸಬೇಡ್ರೋ, ಗುನುಗ್ತಾ ಇರಿ," ಎಂದು ಉಳಿದವರಿಗೆ ಪಿಸುಗುಟ್ಟಿದ.

"ನಾನು... ನಾನು ಮಗುಚಿ ಹಾಕ್ಲೇ ಇಲ್ಲ ಕಣೋ!" ಎಂದಳು ವರ್ಲೀನ್. ಕಣ್ಣೀರು ಧಾರಾಕಾರ.

"ಏನನ್ನ?"

"ರೆಕಾರ್ಡನ್ನ! ಪೊಟ್ಟಣವನ್ನೇ ಬಿಚ್ಚಲಿಲ್ಲ. ರೇಡಿಯೋದಲ್ಲಿ ಬಂದ್ರೆ ಆರಿಸ್ತಿದ್ದೆ. ನಂಗೆ ಈ ಕಡೆ ಮಾತ್ರ ಗೊತ್ತು ಥ್ಯಾಡ್... ಆ ಕಡೆ ಇವತ್ತೇ ಕೇಳಿದ್ದು!"

ಥಿಯೇಟರಿನಲ್ಲಿ ಒಂದು ಕ್ಷಣ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ನಿಜಕ್ಕೂ ಬಿದ್ದವು, ಡಬ್ಬಿ ಸಮೇತ. ಮರುಕ್ಷಣ ಬಾಲ್ಕನಿಯ ಮುದುಕಿಯೊಬ್ಬಳು ಎದ್ದು ಕೂಗಿದಳು, "ಒಂದು ವರ್ಷ! ಅಯ್ಯೋ ನಮ್ಮವ್ವಾ, ಒಂದು ವರ್ಷ! ನಾನು ಅವನಿಗೆ ಪೈ ಕಳಿಸಿದ್ದೆ ಕಣೇ!"

ಇಡೀ ಸಭೆ ನಕ್ಕಿತು, ಅತ್ತಿತು, ಕಾಲು ಕುಟ್ಟಿತು. ಥ್ಯಾಡ್ ಮಾತ್ರ ಅಲುಗಾಡಲಿಲ್ಲ. ಅವನ ಎದೆ ಮೆಲ್ಲನೆ ತುಂಬಿತು. ಎಡಗಂಕುಳ ಕೆಳಗಿನ ಮಡಿಕೆ ತೆರೆದುಕೊಂಡದ್ದನ್ನು ಹೊಲಿದವಳ ಕಣ್ಣು ಕಂಡಿತು. ಒಂದು ವರ್ಷದಿಂದ ಹಿಡಿದಿಟ್ಟ ಉಸಿರನ್ನು ಅವನು ಬಿಟ್ಟ. ಅದರ ಜೊತೆಯಲ್ಲೇ ಆ ಸ್ವರ ಬಂತು, ನಾಲ್ವರ ಕೆಳಗೆ ನೆಲವಾಗಿ ಕೂತಿತು. ಹಾಡು ಮುಗಿಯಿತು.

* * *

ಉಡುಪಿನ ಕೋಣೆಯಲ್ಲಿ ಮಿಸ್ ಝಿಪೋರಾ ಮೊದಲು ತನ್ನ ಮಾತು ಉಳಿಸಿಕೊಂಡಳು. ವರ್ಲೀನಳ ಕಿವಿ ಹಿಡಿದು ಚೆನ್ನಾಗಿ ಹಿಂಡಿದಳು.

"ನನ್ನ ಮನೇಲೇ ಇದ್ಯಲ್ಲೇ, ಕಲ್ಲುಹೃದಯದೋಳೇ! ನನ್ನ ಸೊಪ್ಪೇ ತಿಂದ್ಕೊಂಡು!" ಎಂದು ಬೈದು, ಮುದ್ದಿಸಿ, "ಗೆರೆ ದಾಟಿದ್ದಕ್ಕೆ ಸೋಮವಾರ ಬೈತೀನಿ," ಎಂದು ರೋಸ್ಕೋನನ್ನೂ ಹೊರಗೆ ದಬ್ಬಿಕೊಂಡು ಹೋದಳು.

"ನಾನು ಏನೂ ನೋಡಲ್ಲಮ್ಮಾ, ಮೂಲೇಲಿ ಇರ್ತೀನಿ..." ಎನ್ನುತ್ತಿದ್ದ ರೋಸ್ಕೋನ ದನಿ ಬಾಗಿಲಾಚೆ ಸಣ್ಣದಾಯಿತು.

ಇಬ್ಬರೇ ಉಳಿದರು. ವರ್ಲೀನ್ ಒಂದು ಮರದ ಪೆಟ್ಟಿಗೆ ಎಳೆದು ಅದರ ಮೇಲೆ ಹತ್ತಿ ನಿಂತಳು. ಟೇಪನ್ನು ಅವನ ಎದೆಗೆ ಬಳಸಿದಳು.

"ಮೂವತ್ತೊಂಬತ್ತೂವರೆ," ಎಂದಳು. ದನಿ ಒಡೆಯಿತು. "ಏನ್ ಮಾಡ್ಕೊಂಡಿದ್ದೀಯ ನೀನು? ಅಷ್ಟು ಪೈ ಬಂದಿತ್ತಂತೆ, ಒಂದಾದ್ರೂ ತಿನ್ನಬಾರ್ದಿತ್ತಾ?"

"ನಿಂದಲ್ಲ ಅದು."

ಅವಳು ಹಣೆಯನ್ನು ಅವನ ಭುಜಕ್ಕೆ ಒತ್ತಿದಳು. "ನಂದೂ ತಪ್ಪಿದೆ ಥ್ಯಾಡ್. ನೀನು ಬೇಡ ಅನ್ನು ಅಂತ ಒಳಗೊಳಗೇ ಕಾಯ್ತಿದ್ದೆ. ನೀನಿಲ್ದೆ ನಂಗಾಗಲ್ಲ ಅಂತ ನಾನಾದ್ರೂ ಹೇಳಬಹುದಿತ್ತು. ಹೇಳ್ಲಿಲ್ಲ."

"ಈಗ ಹೇಳಿದ್ಯಲ್ಲ."

"ನಂಗಿಲ್ಲಿ ಕೆಲಸ ಇಷ್ಟ. ಸುಳ್ಳು ಹೇಳಲ್ಲ."

"ಬಿಡು ಅಂದ್ನಾ?" ಅವನ ತುಟಿಯಲ್ಲಿ ಸಣ್ಣ ನಗು. "ಶಿಕಾಗೋದಲ್ಲೂ ಬಸ್ಸಿದೆ. ಓಡಿಸೋರು ಬೇಕಂತೆ. ಬೆಳಿಗ್ಗೆ ಬರುವಾಗ್ಲೇ ಬೋರ್ಡು ನೋಡ್ದೆ."

"ಬೆಂಚು ಬಿಟ್ಟುಕೊಡ್ತೀನಿ ಅಂದೋನು ಬೋರ್ಡು ಯಾಕೆ ನೋಡ್ದೆ?"

ಅವನ ಕಿವಿ ಕೆಂಪಾಯಿತು.

"ಇವತ್ತಿನ ನಾಲ್ಕು ಮಾತು ಮುಗೀತಾ?"

"ಎಂದೋ ಮುಗೀತು. ಮುಂದಿನ ವರ್ಷದ್ದರಲ್ಲಿ ನಡೀತಿದೆ."

ಅವಳು ಅಳುತ್ತಲೇ ನಕ್ಕಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು! ನಗುತ್ತಾ ನಗುತ್ತಾ ಪೆಟ್ಟಿಗೆಯ ಮೇಲೆ ಆಯ ತಪ್ಪಿದಳು. ಅವನು ಹಿಡಿದುಕೊಂಡ.

"ಸಂಜೆ ರೈಲಿದೆ," ಎಂದಳು. "ಹತ್ತಿದ್ರೆ ನಾಳೆ ಎರಡು ಗಂಟೆಯೊಳಗೆ ಬೆಂಚಿಗೆ ತಲುಪ್ತೀವಿ. ಐವತ್ತೆರಡನೇದು ತಪ್ಪಿಸಬಾರ್ದು. ಮನೇಗೆ ಹೋಗಿ ಪೆಟ್ಟಿಗೆ ತಳದಿಂದ ಆ ಪೊಟ್ಟಣ ತರ್ತೀನಿ. ನಿನ್ನ ಮುಂದೇನೇ ಬಿಚ್ಚಬೇಕು. ಏನಾದ್ರೂ ಬರೆದಿದ್ದೀಯಾ ಅದರ ಮೇಲೆ?"

"ಹ್ಞೂಂ. 'ಮಗುಚಿ ಹಾಕು' ಅಂತ."

"ಎಲ್ಲಿ ಬರೆದೆ?"

"ಒಳಗಡೆ."

"ಒಳಗಡೆ ಯಾರಾದ್ರೂ ಬರೀತಾರೇನೋ, ಪೆದ್ದಪ್ಪಾ!"

"ನಿಜ ಹೇಳೋದು ಒಳಗಡೆ ಅಂದಿದ್ದೆ ನೀನು."

ಅವಳು ಅವನ ಕೋಟಿನ ಗುಂಡಿ ಹಿಡಿದು ಎಳೆದಳು. "ಈಗ ಮತ್ತೆ ಆ ಬೆಂಚು ಅಂದ್ಕೋ. ನನ್ನ ಕೈಲಿ ಕಾಗದ ಇದೆ. ನಾನು ಕೇಳ್ತಿದ್ದೀನಿ, ನಿಂಗೇನೂ ಅನ್ಸಲ್ವಾ ಥ್ಯಾಡ್? ಅವತ್ತು ಏನು ಹೇಳ್ಬೇಕಿತ್ತೋ ಅದನ್ನ ಹೇಳು."

ಅವನು ಉಸಿರು ತುಂಬಿಕೊಂಡ. ಅವಳ ಬೆರಳುಗಳ ನಡುವೆ ಟೇಪು ತಾನಾಗಿ ಜಾರಿತು, ಸರಿಯಾಗಿ ಎರಡು ಇಂಚು.

"ಹೋಗೋಣ," ಎಂದ.

"ನಡಿ," ಎಂದಳು ಅವಳು.